ಹಿತ್ತಲ ಧರೆಗೆ ನಾಟಿ ಗಿಡದ ಗಾರ್ಡನ್ ಮಾಡಿಸುವವರು ಇದನ್ನೊಮ್ಮೆ ಓದಿ

ಮಲೆನಾಡಲ್ಲಿ ಮನೆ, ಹಿತ್ತಲಲ್ಲಿ ಧರೆ ಅಂದರೆ ಮಣ್ಣಿನ ಇಳಿಜಾರು, ಮೇಲೆ ಹಲಸಿನ ಮರದ ದಟ್ಟ ನೆರಳು. ಇಂಥ ಜಾಗ ಇರುವವರ ಹತ್ತಿರ ಬೇಸಿಗೆಯಲ್ಲಿ ಯಾರಾದರೂ ಬಂದು "ಪೂರ್ತಿ ಕ್ಲೀನ್ ಮಾಡಿ ಲೋಕಲ್ ಗಿಡಗಳ ಗಾರ್ಡನ್ ಮಾಡಿಕೊಡ್ತೀವಿ" ಅಂದರೆ ಮುಂಗಡ ಕೊಡಬೇಡಿ.

ನಮ್ಮಲ್ಲಿಗೆ ಬಂದ ಕಂಟ್ರಾಕ್ಟರ್ ಮೊದಲು ತರಿಸಿದ್ದೇ ಜೆಸಿಬಿ. ಜರಿಗಿಡ, ಕೇಪಳದ ಪೊದೆ, ದರಕು (ಉದುರಿದ ಒಣ ಎಲೆ) ಎಲ್ಲವನ್ನೂ ಕೆರೆದು ಕೆಳಗೆ ತಳ್ಳಿದರು. ಇದ್ದ ನಾಟಿ ಗಿಡ ಕಿತ್ತು ನಾಟಿ ಗಿಡ ನೆಡೋದು, ಎಂಥ ಲೆಕ್ಕವೋ! ಧರೆಯ ಬುಡ ಕಡಿದು ನೆಟ್ಟಗೆ ನಿಲ್ಲಿಸಿದರು, ಮೇಲಿಂದ ಬರುವ ನೀರಿಗೆ ಚರಂಡಿ ಮಾತ್ರ ಮಾಡಲಿಲ್ಲ. ಜುಲೈನಲ್ಲಿ ಮಳೆ ಹಿಡಿದಾಗ ಬೇರಿನ ಹಿಡಿತವೇ ಇಲ್ಲದ ಮಣ್ಣು ನೀರು ಕುಡಿದು ಕುಸಿದು, ಬಚ್ಚಲುಮನೆ ಗೋಡೆವರೆಗೂ ಕೆಸರು ಬಂತು.

ಮಣ್ಣು ಹಿಡಿಯಲಿ ಅಂತ ಲಾವಂಚ ನೆಟ್ಟಿದ್ದರು. ಅದರ ಬೇರು ಆಳಕ್ಕೆ ಇಳಿಯೋದು ನಿಜ, ಆದರೆ ಅದಕ್ಕೆ ಬಿಸಿಲು ಬೇಕು. ಹಲಸಿನ ಕೆಳಗೆ ಎಳೆ ಎಳೆಯಾಗಿ ಬಿಳಿಚಿಕೊಂಡು ನಿಂತಿತ್ತು ಅಷ್ಟೇ.

ಇನ್ನೊಂದು ಮೋಸ ನೋಡಿ. ನೆಲ ಮುಚ್ಚಲು ಹಳದಿ ಹೂವಿನ ಬಳ್ಳಿ ತಂದು "ಇದು ಹಳದಿ ಗರುಗ, ನಮ್ದೇ ಗಿಡ" ಅಂದರು. ಎಲೆ ಕೈಯಲ್ಲಿ ಹಿಡಿದು ನೋಡಿ: ಅಂಚಿನಲ್ಲಿ ಎರಡು ಕಡೆ ಕಿವಿ ಚಾಚಿದ ಹಾಗೆ ಮೂರು ಭಾಗವಾಗಿ ಕಂಡರೆ ಅದು ವೆಡೇಲಿಯಾ, ಅಮೆರಿಕ ಖಂಡದ ಉಷ್ಣ ಪ್ರದೇಶದ್ದು, ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿರುವಂಥದ್ದು. ನಮ್ಮ ಹಳದಿ ಗರುಗದ ಎಲೆ ಕಿರಿದು, ಹಾಗೆ ಸೀಳಿರಲ್ಲ. ವೆಡೇಲಿಯಾದ ಒಂದು ಗಿಣ್ಣು ಮಣ್ಣಲ್ಲಿ ಉಳಿದರೂ ಮತ್ತೆ ಬೇರು ಬಿಡುತ್ತೆ. ಕಿತ್ತದ್ದನ್ನು ತೋಟದ ಕಾದಿಗೆಗೆ (ನೀರು ಹೋಗುವ ಕಾಲುವೆಗೆ) ಎಸೆದರಂತೂ ಮುಗೀತು, ನೀರಿನ ಜೊತೆ ಹೋಗಿ ಪಕ್ಕದವರ ತೋಟಕ್ಕೂ ಹಬ್ಬುತ್ತೆ.

ಹಾಗಾಗಿ ದುಡ್ಡು ಕೊಡುವ ಮೊದಲೇ ಗಿಡಗಳ ಹೆಸರು, ಸಸ್ಯಶಾಸ್ತ್ರದ ಹೆಸರು ಸಮೇತ, ಬರೆಸಿಕೊಳ್ಳಿ. ಬರೆದುಕೊಡಲು ಹಿಂದೇಟು ಹಾಕಿದರೆ ಗೊತ್ತಾಯ್ತಲ್ವಾ? ಧರೆ ಮೇಲೆ ಯಂತ್ರ ಹತ್ತಿಸಲು ಬಿಡಲೇಬೇಡಿ. ತಾನಾಗಿ ಬಂದ ಜರಿಗಿಡ ಹಾಗೇ ಇರಲಿ, ದರಕು ಗುಡಿಸಬೇಡಿ. ಮಳೆ ಶುರುವಾದ ಮೇಲೆ ನಡುನಡುವೆ ಕೈಯಲ್ಲೇ ಸಣ್ಣ ಗುಂಡಿ ಮಾಡಿ ಹಿಪ್ಪಲಿ, ಕಾಡರಿಶಿನ ಹಾಕಬಹುದು, ತೇವ ಇರುವ ಬುಡದಲ್ಲಿ ಒಂದೆಲಗ ಚೆನ್ನಾಗಿ ಬರುತ್ತೆ, ತಂಬುಳಿಗೂ ಆಯ್ತು. ಸುಮ್ನೆ ಸಾವಿರಾರು ರೂಪಾಯಿ ಸುರಿಯುವ ಕೆಲಸವೇ ಅಲ್ಲ ಇದು.

ಧರೆ ಮೇಲ್ಗಡೆ ಈಗಾಗಲೇ ಬಿರುಕು ಕಾಣ್ತಿದ್ದರೆ ಗಿಡದ ಮಾತು ಬಿಡಿ, ಮಳೆಗಾಲಕ್ಕೆ ಮೊದಲು ಒಬ್ಬ ಸಿವಿಲ್ ಇಂಜಿನಿಯರ್‌ಗೆ ತೋರಿಸಿ.