ಓಪನ್‌ಸ್ಟ್ರೀಟ್‌ಮ್ಯಾಪ್: ನನಗೆ ಹಿಡಿಸಿದ್ದು ಅದರ ಲೈಸೆನ್ಸ್

ಗಾಲಿಕುರ್ಚಿಯಲ್ಲಿ ಓಡಾಡುವವರು ಯಾವ ಕಟ್ಟಡದೊಳಗೆ ಸಲೀಸಾಗಿ ಹೋಗಬಹುದು ಎಂದು ತೋರಿಸುವ ಸಣ್ಣ ಆ್ಯಪ್ ಒಂದನ್ನು ನಡೆಸುತ್ತಿದ್ದೇನೆ. ಅದಕ್ಕೆ ಬೇಕಾದ ಡೇಟಾ ಈಗ ಬರುವುದು ಜನರೇ ಸೇರಿ ಕಟ್ಟುವ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ. ಅದರ ರಸ್ತೆ, ಗಲ್ಲಿಗಳು ಎಷ್ಟು ಸರಿ ಇವೆ ಎಂದು ಬರೆದವರು ಬೇಕಾದಷ್ಟು ಜನ ಇದ್ದಾರೆ. ಆ ಡೇಟಾ ಜೊತೆಗೆ ಬರುವ ಓಪನ್ ಡೇಟಾಬೇಸ್ ಲೈಸೆನ್ಸ್ ಬಗ್ಗೆ ಮಾತ್ರ ಯಾರೂ ಹೆಚ್ಚು ಮಾತಾಡುವುದಿಲ್ಲ. ನಾನು ಈ ಸೇವೆಗೆ ಬಂದದ್ದೇ ಅದಕ್ಕಾಗಿ.

ಇದಕ್ಕೆ ಮೊದಲು ದುಡ್ಡು ಕೊಟ್ಟು ಬೇರೊಂದು ಕಂಪನಿಯ ಸ್ಥಳಪಟ್ಟಿ ತೆಗೆದುಕೊಂಡಿದ್ದೆವು. ಪಟ್ಟಿ ಚೆನ್ನಾಗಿಯೇ ಇತ್ತು. ಆದರೆ ಚಂದಾ ಮುಗಿದ ದಿನ ಎಲ್ಲವನ್ನೂ ಅಳಿಸಬೇಕು ಎಂದು ಕರಾರಿನಲ್ಲಿತ್ತು. ನಮ್ಮ ಸ್ವಯಂಸೇವಕರು ಬಿಸಿಲಲ್ಲಿ ಅಲೆದು ಮಾಡಿದ ತಿದ್ದುಪಡಿಗಳೂ ಅದರಲ್ಲಿ ಸೇರಿದ್ದವು. ಅದು ನನಗೆ ಬಹಳ ಬೇಸರ ತಂದಿತು. ಒಂದು ಬಾಗಿಲ ಮುಂದೆ ಎಷ್ಟು ಮೆಟ್ಟಿಲಿವೆ ಅನ್ನುವುದು ಯಾರ ಸ್ವತ್ತೂ ಅಲ್ಲ, ಅಲ್ವಾ?

ಕಾನೂನೂ ಬಹಳ ಮಟ್ಟಿಗೆ ಹಾಗೇ ಹೇಳುತ್ತದೆ. ಅಮೆರಿಕದ ಸುಪ್ರೀಂ ಕೋರ್ಟ್ 1991ರಲ್ಲಿ ಫೈಸ್ಟ್ ಪ್ರಕರಣದಲ್ಲಿ ಇದನ್ನೇ ತೀರ್ಮಾನಿಸಿತು. ಫೈಸ್ಟ್ ಡೈರೆಕ್ಟರಿ ಪ್ರಕಟಿಸುವ ಕಂಪನಿ. ಅದು ಒಂದು ಟೆಲಿಫೋನ್ ಕಂಪನಿಯ ಡೈರೆಕ್ಟರಿಯಿಂದ ಜನರ ಹೆಸರು, ನಂಬರ್ ಎತ್ತಿಕೊಂಡಿತ್ತು. ಕಳ್ಳತನ ಹಿಡಿಯಲೆಂದು ಡೈರೆಕ್ಟರಿಯಲ್ಲಿ ಸುಳ್ಳು ಹೆಸರುಗಳನ್ನು ಸೇರಿಸಿದ್ದರು. ಅವುಗಳಲ್ಲಿ 4 ಹೆಸರು ಫೈಸ್ಟ್ ಪುಸ್ತಕದಲ್ಲೂ ಸಿಕ್ಕವು. ಆದರೂ ಫೈಸ್ಟ್ ಗೆದ್ದಿತು. ಬೆವರು ಸುರಿಸಿದ ಮಾತ್ರಕ್ಕೆ ಕಾಪಿರೈಟ್ ಸಿಗುವುದಿಲ್ಲ, ಆಯ್ಕೆಯಲ್ಲೋ ಜೋಡಣೆಯಲ್ಲೋ ಸ್ವಂತಿಕೆ ಬೇಕು ಎಂದಿತು ಕೋರ್ಟ್. ಅಕ್ಷರಾನುಕ್ರಮದ ಪಟ್ಟಿಯಲ್ಲಿ ಎಂಥ ಸ್ವಂತಿಕೆ?

ಯುರೋಪ್ ಬೇರೆ ದಾರಿ ಹಿಡಿಯಿತು. 1996ರ ಡೇಟಾಬೇಸ್ ನಿರ್ದೇಶನದಲ್ಲಿ (ಯುರೋಪಿಯನ್ ಒಕ್ಕೂಟದ ಒಂದು ಕಾನೂನು) ಕಾಪಿರೈಟ್ ಜೊತೆಗೆ ಇನ್ನೊಂದು ಹಕ್ಕನ್ನೇ ಹುಟ್ಟುಹಾಕಿತು. ಮಾಹಿತಿ ಕಲೆಹಾಕಲು, ಪರಿಶೀಲಿಸಲು, ಒಪ್ಪವಾಗಿ ತೋರಿಸಲು ಗಣನೀಯ ಬಂಡವಾಳ ಹಾಕಿದವರಿಗೆ 15 ವರ್ಷ ರಕ್ಷಣೆ. ಕುದುರೆ ಓಟದ ಪಟ್ಟಿಗಳ ಮೊಕದ್ದಮೆಯಲ್ಲಿ ಯುರೋಪಿನ ನ್ಯಾಯಾಲಯ 2004ರಲ್ಲಿ ಇದಕ್ಕೆ ಒಂದು ಮಿತಿಯನ್ನೂ ಹಾಕಿತು. ಇರುವ ಮಾಹಿತಿಯನ್ನು ಹುಡುಕಿ ತರಲು ಹಾಕಿದ ದುಡ್ಡು ಲೆಕ್ಕಕ್ಕೆ ಬರುತ್ತದೆ, ಮಾಹಿತಿಯನ್ನು ತಾನೇ ಸೃಷ್ಟಿಸಲು ಹಾಕಿದ್ದು ಬರುವುದಿಲ್ಲ. ಭಾರತದ ಕಾಪಿರೈಟ್ ಕಾಯ್ದೆ ಕಂಪ್ಯೂಟರ್ ಡೇಟಾಬೇಸನ್ನು ಸಾಹಿತ್ಯ ಕೃತಿಯ ಸಾಲಿಗೆ ಸೇರಿಸುತ್ತದೆ. ಯುರೋಪಿನಂಥ ಬೇರೆ ಹಕ್ಕು ಇಲ್ಲಿಲ್ಲ.

ಹಾಗಾದರೆ ರಕ್ಷಣೆ ಇಲ್ಲದ ಪಟ್ಟಿಯನ್ನು ಯಾರು ಬೇಕಾದರೂ ಬಳಸಬಹುದಾ? ಅಲ್ಲೇ ತೊಡಕಿರುವುದು. 2015ರಲ್ಲಿ ವಿಮಾನ ಕಂಪನಿ ರಯಾನ್‌ಏರ್ ಪ್ರಕರಣದಲ್ಲಿ ಅದೇ ಯುರೋಪಿನ ನ್ಯಾಯಾಲಯ ಹೇಳಿದ್ದು ಹೀಗೆ: ಡೇಟಾಬೇಸಿಗೆ ಕಾಪಿರೈಟೂ ಇಲ್ಲ, ಆ ಹೊಸ ಹಕ್ಕೂ ಇಲ್ಲ ಎಂದರೆ, ನಿರ್ದೇಶನವು ಬಳಕೆದಾರರಿಗೆ ಕೊಟ್ಟ ರಿಯಾಯಿತಿಗಳೂ ಅದಕ್ಕೆ ಅನ್ವಯಿಸುವುದಿಲ್ಲ. ಮಾಲೀಕರು ಕರಾರಿನಲ್ಲಿ ಷರತ್ತು ಹಾಕಿ ಕಟ್ಟಿಹಾಕಬಹುದು. ಕಾನೂನು ತೆರೆದಿಟ್ಟ ಬಾಗಿಲಿಗೆ ಕರಾರು ಬೀಗ ಹಾಕುತ್ತದೆ. ಅದಕ್ಕೇ ಡೇಟಾ ಸೇವೆ ಆರಿಸುವಾಗ ನಾನು ಮೊದಲು ಓದುವುದು ಕರಾರನ್ನು.

ಓಪನ್‌ಸ್ಟ್ರೀಟ್‌ಮ್ಯಾಪ್‌ನ ಲೈಸೆನ್ಸ್ ಕೂಡ ಕಾಪಿರೈಟ್, ಡೇಟಾಬೇಸ್ ಹಕ್ಕು, ಕರಾರು ಮೂರನ್ನೂ ಬಳಸುತ್ತದೆ. ಆದರೆ ಬಳಸುವುದು ಡೇಟಾ ತೆರೆದೇ ಇರಲಿ ಎಂದು. ವ್ಯಾಪಾರಕ್ಕೂ ಬಳಸಬಹುದು. ಡೇಟಾ ಎಲ್ಲಿಂದ ಬಂತು ಎಂದು ಹೆಸರು ಹಾಕಬೇಕು. ಆ ಡೇಟಾಬೇಸನ್ನು ತಿದ್ದಿ, ಬೆಳೆಸಿ ಸಾರ್ವಜನಿಕವಾಗಿ ಬಳಸಿದರೆ ಬೆಳೆಸಿದ್ದನ್ನೂ ಅದೇ ಲೈಸೆನ್ಸಿನಲ್ಲಿ ಹಂಚಬೇಕು. ಅದರಿಂದ ಬರೆದ ನಕ್ಷೆಯ ಚಿತ್ರಕ್ಕೆ ಮಾತ್ರ ನಮ್ಮದೇ ಷರತ್ತು ಇಟ್ಟುಕೊಳ್ಳಬಹುದು.

ಮೊದಲು ಅಲ್ಲಿದ್ದದ್ದು ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್. ಅದು ಬರಹ, ಚಿತ್ರಗಳಿಗೆ ಹೊಂದುತ್ತಿತ್ತು, ಬರೀ ವಿವರಗಳಿಗೆ ಸರಿಯಾಗಿ ಹೊಂದುತ್ತಿರಲಿಲ್ಲ. ಹಾಗಾಗಿ 2012ರ ಸೆಪ್ಟೆಂಬರ್‌ನಲ್ಲಿ ಬದಲಾಯಿಸಿದರು. ಒಪ್ಪಿಗೆ ಕೊಡದವರು ಸೇರಿಸಿದ್ದನ್ನು ಅದಕ್ಕೆ ಮೊದಲೇ ತೆಗೆದುಹಾಕಿದರು. ಬಿಡಿಸಿದ ರಸ್ತೆಗಳನ್ನು ಕಳೆದುಕೊಳ್ಳುವುದು ಸುಮ್ನೆ ಮಾತಲ್ಲ. ಕೊಟ್ಟವರ ಒಪ್ಪಿಗೆಗೆ ಅಷ್ಟು ಬೆಲೆ ಕೊಟ್ಟವರ ಮೇಲೆ ನನಗೆ ಗೌರವವಿದೆ.

ಕಷ್ಟದ ಜಾಗ ಹಂಚಿಕೆಯ ಷರತ್ತು. ಬಳಕೆದಾರರ ಫೋನ್ ನಂಬರ್‌ಗಳನ್ನು ನಾವು ಬೇರೆ ಪಟ್ಟಿಯಲ್ಲಿ ಇಟ್ಟಿದ್ದೇವೆ, ಅದನ್ನು ಹಂಚಬೇಕಿಲ್ಲ. ಇಳಿಜಾರು, ಮೆಟ್ಟಿಲುಗಳ ವಿವರವನ್ನು ಅವರ ಡೇಟಾ ಜೊತೆ ಬೆರೆಸುತ್ತೇವೆ, ಅದನ್ನು ಹಂಚಬೇಕು. ಇವೆರಡರ ನಡುವೆ ಮಸುಕಾದ ಜಾಗ ಜಾಸ್ತಿ ಇದೆ. ಡೇಟಾದ ‘ಗಣನೀಯ ಭಾಗ’ ಬಳಸಿದರೆ ಮಾತ್ರ ಈ ಷರತ್ತು. ಆದರೆ ಗಣನೀಯ ಎಂದರೆ ಎಷ್ಟು? ಲೈಸೆನ್ಸ್ ಅಂಕಿ ಹೇಳುವುದಿಲ್ಲ. ಈ ನಕ್ಷೆಯ ಹಿಂದಿರುವ ಸಂಸ್ಥೆಯಾದ ಫೌಂಡೇಶನ್ನಿನ ಮಾರ್ಗಸೂಚಿಯಲ್ಲಿ ಮಾತ್ರ 100ಕ್ಕಿಂತ ಕಡಿಮೆ ಅಂಶಗಳಾದರೆ (ಹೋಟೆಲು, ಅಂಗಡಿಯಂಥವು) ಗಣನೀಯವಲ್ಲ ಎಂದಿದೆ. ಲೈಸೆನ್ಸಿನ ಭಾಷೆ ವಕೀಲರ ಭಾಷೆ, ಆ ಮಾರ್ಗಸೂಚಿಯಲ್ಲಿ ಉದಾಹರಣೆಗಳಿವೆ. ಹೊಸಬರು ಅದನ್ನೇ ಮೊದಲು ಓದಿ. ಸಂಗ್ರಹಿಸಿದ್ದನ್ನು ಗುಟ್ಟಾಗಿಟ್ಟು ಮಾರುವ ಯೋಚನೆ ಇದ್ದವರು ಈ ಡೇಟಾ ತೆಗೆದುಕೊಳ್ಳುವುದು ಬೇಡ. ನಮ್ಮ ಇಳಿಜಾರುಗಳ ವಿವರವನ್ನಂತೂ ನಾವು ನೇರವಾಗಿ ಓಪನ್‌ಸ್ಟ್ರೀಟ್‌ಮ್ಯಾಪ್‌ಗೇ ಸೇರಿಸುತ್ತಿದ್ದೇವೆ.