ಮೂರು ಮೀಟರ್ ಪಟ್ಟಿಂಗ್ ಮ್ಯಾಟ್: ಎರಡು ವರ್ಷ ಬಳಸಿದ ಮೇಲೆ

ವಾರವೆಲ್ಲ ಆಫೀಸು, ವಾರಾಂತ್ಯಕ್ಕೆ ಸಿಕ್ಕರೆ ಒಂದು ರೌಂಡು. ಬೆಂಗಳೂರಿನಲ್ಲಿ ಗಾಲ್ಫ್ ಆಡುವ ಹೆಚ್ಚಿನ ಹವ್ಯಾಸಿಗಳ ಪಾಡು ಇದೇ. ಡ್ರೈವಿಂಗ್ ರೇಂಜ್‌ಗೆ ಹೋಗಿ ಬರುವ ಟ್ರಾಫಿಕ್ಕಿನಲ್ಲೇ ಸಂಜೆ ಕಳೆದುಹೋಗುತ್ತದೆ. ಆದರೆ ಪಾರ್ 72ರ (18 ಹೋಲ್‌ಗೆ ನಿಗದಿಯಾದ 72 ಹೊಡೆತದ) ಲೆಕ್ಕದಲ್ಲಿ ಹೋಲ್‌ಗೆ ಎರಡರಂತೆ 36 ಹೊಡೆತ ಪಟ್ಟಿಂಗ್‌ನದ್ದು, ಅಂದರೆ ಹೋಲ್ ಸುತ್ತಲಿನ ನುಣುಪು ಹುಲ್ಲಿನ (ಗ್ರೀನ್) ಮೇಲೆ ಚೆಂಡನ್ನು ಉರುಳಿಸುವ ಹೊಡೆತಗಳದ್ದು. ಆ ಅರ್ಧ ಆಟವನ್ನು ಹಾಲ್‌ನಲ್ಲೇ, ದಿನಕ್ಕೆ ಹದಿನೈದು ನಿಮಿಷದಲ್ಲಿ ತಿದ್ದಿಕೊಳ್ಳಬಹುದು. ಅದಕ್ಕೆ ಕೊಂಡದ್ದು 3 ಮೀಟರ್ ಉದ್ದ, 30 ಸೆಂ.ಮೀ. ಅಗಲದ, ತುದಿಯಲ್ಲಿ ಏರು ಮತ್ತು ಹೋಲ್ ಇರುವ ಸಾಮಾನ್ಯ ಮ್ಯಾಟ್. ಈ ಮ್ಯಾಟ್ ದಿಕ್ಕಿನ ವಿಷಯದಲ್ಲಿ ಒಳ್ಳೆಯ ಗುರು. ದೂರದ ವಿಷಯದಲ್ಲಿ ಮಾತ್ರ ತಪ್ಪು ಪಾಠ ಹೇಳುತ್ತದೆ.

ಪೆಟ್ಟಿಗೆಯಿಂದ ತೆಗೆದಾಗ ಮ್ಯಾಟಿನಲ್ಲಿ ಸುಕ್ಕು ಇದ್ದೇ ಇರುತ್ತದೆ. ಅರ್ಧ ಗಂಟೆ ಬಿಸಿಲಲ್ಲಿ ಹಾಸಿ, ಒಳಗೆ ತಂದು ಎರಡೂ ತುದಿಗೆ ಭಾರ ಹೇರಿ ರಾತ್ರಿಯಿಡೀ ಬಿಟ್ಟರೆ ಮುಕ್ಕಾಲು ಪಾಲು ಹೋಗುತ್ತದೆ. ಇಸ್ತ್ರಿಪೆಟ್ಟಿಗೆ ಬೇಡ, ನೂಲು ಕರಗುತ್ತದೆ. ಸುತ್ತಿಡುವಾಗ ಹಸಿರು ಮೇಲ್ಮೈ ಹೊರಗೆ ಬರುವಂತೆ ಸುತ್ತಿ. ಒಳಗೆ ಬಂದರೆ ಮುಂದಿನ ಸಲ ಬಿಚ್ಚಿದಾಗ ತುದಿಗಳು ಮೇಲಕ್ಕೆ ಎದ್ದು ನಿಲ್ಲುತ್ತವೆ. ಅಡಿಯ ರಬ್ಬರ್ ತಿಂಗಳುಗಟ್ಟಲೆ ಒಂದೇ ಜಾಗದಲ್ಲಿ ಕೂತರೆ ಮಾರ್ಬಲ್ ಮೇಲೆ ಹಳದಿ ಕಲೆ ಬೀಳಬಹುದು, ಆದ್ದರಿಂದ ಹಾಸಿಯೇ ಬಿಡಬೇಡಿ.

ಹಾಸುವ ಮುಂಚೆ ಗಾರೆ ಕೆಲಸದವರ ರಸಮಟ್ಟ ಇಟ್ಟು ನೆಲ ನೋಡಿಕೊಳ್ಳಿ. ಬಾಲ್ಕನಿಯಲ್ಲಂತೂ ನೀರು ಹರಿಯಲಿ ಎಂದು ಬೇಕೆಂದೇ ಇಳಿಜಾರು ಕೊಟ್ಟಿರುತ್ತಾರೆ. ಅದನ್ನು ಗಮನಿಸದೆ ನೇರ ಪಟ್ ಅಭ್ಯಾಸ ಮಾಡಿದರೆ, ನೆಲದ ತಪ್ಪನ್ನು ಕೈ ಸರಿಪಡಿಸಲು ಕಲಿಯುತ್ತದೆ. ಆ ಕಲಿಕೆ ಗ್ರೀನಿನಲ್ಲಿ ಮುಳುವಾಗುತ್ತದೆ.

ಈ ಮ್ಯಾಟ್‌ನಿಂದ ಅತಿ ಹೆಚ್ಚು ಉಪಯೋಗ ಪಡೆಯುವುದು ಗೇಟ್ ಅಭ್ಯಾಸದಲ್ಲಿ. ಎರಡು ಪೆನ್ಸಿಲ್ ಸೆಲ್‌ಗಳನ್ನು ಚೆಂಡಿನಿಂದ 50 ಸೆಂ.ಮೀ. ಮುಂದೆ ನಿಲ್ಲಿಸಿ, ನಡುವೆ 61 ಮಿ.ಮೀ. ಜಾಗ ಬಿಡಿ. ಆ ಅಳತೆಗೆ ಲೆಕ್ಕವಿದೆ. ಹೋಲ್‌ನ ಅಗಲ 108 ಮಿ.ಮೀ., ಅಂದರೆ ನಡುಗೆರೆಯಿಂದ ಅತ್ತಿತ್ತ 54. ಮೂರು ಮೀಟರಿಗೆ 54 ಇದ್ದ ಅವಕಾಶ ಅರ್ಧ ಮೀಟರಿಗೆ 9 ಮಾತ್ರ. ಎರಡೂ ಬದಿಯ 18ಕ್ಕೆ ಚೆಂಡಿನ 42.67 ಮಿ.ಮೀ. ಸೇರಿಸಿದರೆ 61ರ ಹತ್ತಿರ ಬರುತ್ತದೆ. ಸೆಲ್ ಬೀಳದೆ ಚೆಂಡು ದಾಟಿತೆಂದರೆ ಮೂರು ಮೀಟರಿನ ನೇರ ಪಟ್ ಹೋಲ್ ಕಡೆಗೇ ಹೊರಟಿದೆ ಎಂದೇ ಅರ್ಥ. ಬಲಗೈ ಆಟಗಾರರಿಗೆ ಬಲಗಡೆಯ ಸೆಲ್ ಪದೇ ಪದೇ ಉರುಳುತ್ತಿದ್ದರೆ ತಾಗುವ ಗಳಿಗೆಯಲ್ಲಿ ಪಟ್ಟರ್ ಫೇಸ್ (ಕೋಲಿನ ಚೆಂಡಿಗೆ ತಾಗುವ ಮುಖ) ಬಲಕ್ಕೆ ತೆರೆದಿದೆ. ಚೆಂಡು ತೀರಾ ಹಿಂದೆ, ಬಲಗಾಲಿನ ಕಡೆ ಇದೆಯೇ ನೋಡಿ. ಎಡಗಡೆಯದು ಬೀಳುತ್ತಿದ್ದರೆ ಚೆಂಡು ತೀರಾ ಮುಂದೆ ಹೋಗಿರಬಹುದು, ಇಲ್ಲವೇ ಬಲಗೈ ಹಿಡಿತ ಬಿಗಿಯಾಗಿರಬಹುದು. ಹತ್ತರಲ್ಲಿ ಒಂಬತ್ತು ದಾಟುವವರೆಗೆ ಜಾಗವನ್ನು ಕಿರಿದು ಮಾಡಬೇಡಿ.

ಇನ್ನು ತುದಿಯ ಏರು. ಈ ಮ್ಯಾಟಿನ ದೊಡ್ಡ ದೋಷ ಇದೇ. ಚೆಂಡು 4 ಸೆಂ.ಮೀ. ಏರು ಹತ್ತಿ ಹೋಲ್‌ಗೆ ಬೀಳಬೇಕಾದರೆ ಬೇಕಾಗುವ ಹೆಚ್ಚಿನ ವೇಗ, ಸ್ಟಿಂಪ್ (ಗ್ರೀನಿನ ವೇಗದ ಅಳತೆ) 9ರ ಗ್ರೀನಿನಲ್ಲಿ ಚೆಂಡನ್ನು ಸುಮಾರು ಅರ್ಧ ಮೀಟರ್ ಆಚೆ ಒಯ್ಯುತ್ತದೆ. ದಿನಾ ಐವತ್ತು ಸಲ ಹಾಗೆ ಹೊಡೆದ ಕೈ ಭಾನುವಾರ ಹೋಲ್ ದಾಟಿಸದೆ ಇನ್ನೇನು ಮಾಡೀತು? ಹೋಲ್ ಮರೆತುಬಿಡಿ. 2.1 ಮೀಟರಿಗೆ ಒಂದು, 2.4ಕ್ಕೆ ಇನ್ನೊಂದು ಮಾಸ್ಕಿಂಗ್ ಟೇಪ್ ಪಟ್ಟಿ ಅಂಟಿಸಿ, ಚೆಂಡು ಆ ಎರಡರ ನಡುವೆ ನಿಲ್ಲುವಂತೆ ಹೊಡೆಯಿರಿ. ಚೆಂಡು ತಾನಾಗಿ ವಾಪಸ್ ಬರುವುದಿಲ್ಲ, ಬಗ್ಗಿ ಎತ್ತಿಕೊಳ್ಳಬೇಕು. ಆದರೆ ದೂರದ ಅಂದಾಜು ಕೆಡುವುದಿಲ್ಲ.

ಒಂದು ವರ್ಷ ದಾಟಿದ ಮೇಲೆ ಕಾಣುವ ತೊಂದರೆ ಬೇರೆ. ನಡುವಿನ ದಾರಿಯ ನೂಲು ಮಲಗಿ ಸಣ್ಣ ಕಾಲುವೆಯಂತಾಗುತ್ತದೆ. ಚೆಂಡು ಸ್ವಲ್ಪ ತಪ್ಪಿ ಹೊರಟರೂ ಆ ಕಾಲುವೆ ಹಿಡಿದು ಹೋಲ್‌ಗೆ ಹೋಗುತ್ತದೆ, ನಾವು ಸರಿಯಾಗಿ ಹೊಡೆದೆವೆಂದು ನಂಬುತ್ತೇವೆ. ವೇಗವೂ ಬದಲಾಗುತ್ತದೆ. ಹಾರ್ಡ್‌ವೇರ್ ಅಂಗಡಿಯ ಅಲ್ಯೂಮಿನಿಯಂ ಎಲ್ ಆ್ಯಂಗಲ್‌ನ ಒಂದು ತುದಿ ಮ್ಯಾಟಿಗೆ ತಾಗಿಸಿ, ಆ ತುದಿಯಿಂದ 38 ಸೆಂ.ಮೀ. ಮೇಲಿನ ಗುರುತು ನೆಲದಿಂದ 13 ಸೆಂ.ಮೀ. ಎತ್ತರಕ್ಕೆ ಬರುವಂತೆ ಪುಸ್ತಕ ಜೋಡಿಸಿ, ಅಲ್ಲಿಂದ ಚೆಂಡು ಬಿಟ್ಟು ಎಲ್ಲಿ ನಿಂತಿತೆಂದು ಅಳೆಯಿರಿ. ಇದು ಗ್ರೀನಿನ ವೇಗ ಅಳೆಯುವ ಸ್ಟಿಂಪ್‌ಮೀಟರ್ ಅಲ್ಲ, ಕೋರ್ಸ್‌ನವರು ಹೇಳುವ ಅಂಕಿಗೆ ಹೋಲಿಸಲಾಗದು. ಆದರೆ ಅದೇ ಆ್ಯಂಗಲನ್ನು ಕ್ಲಬ್ಬಿನ ಪ್ರ್ಯಾಕ್ಟೀಸ್ ಗ್ರೀನಿಗೂ ಒಯ್ದು ಅಳೆದರೆ ಎರಡರ ಅಂತರ ಕೈಗೆ ಸಿಗುತ್ತದೆ. ಸವೆದ ನಡುದಾರಿಯಲ್ಲಿ ಈಗ ಚೆಂಡು ಅಂಚಿಗಿಂತ ಒಂದು ಗೇಣು ಮುಂದೆ ಹೋಗಿ ನಿಲ್ಲುತ್ತದೆ. ವಾರಕ್ಕೊಮ್ಮೆ ಗಟ್ಟಿ ಬ್ರಷ್‌ನಿಂದ ನೂಲಿನ ವಾಲಿಗೆ ಎದುರಾಗಿ ಉಜ್ಜಿ, ಚೆಂಡಿಡುವ ಜಾಗವನ್ನು ಎಡಕ್ಕೂ ಬಲಕ್ಕೂ 8 ಸೆಂ.ಮೀ. ಸರಿಸುತ್ತಿದ್ದರೆ ಕಾಲುವೆ ನಿಧಾನಕ್ಕೆ ಬೀಳುತ್ತದೆ. ಮೊದಲ ದಿನದಿಂದಲೇ ಹೀಗೆ ಮಾಡಬೇಕಿತ್ತು.

ಬರಿಗಾಲಲ್ಲಿ ನಿಂತು ಅಭ್ಯಾಸ ಮಾಡಿದರೆ ಕೋರ್ಸಿನಲ್ಲಿ ಶೂ ಅಟ್ಟೆಯಷ್ಟು ಎತ್ತರ ಹೆಚ್ಚಾಗಿ ಪಟ್ಟರಿನ ಕೋನವೇ ಬದಲಾಗುತ್ತದೆ. ಮನೆಯೊಳಗೆ ಹಾಕಲೆಂದೇ ಅಷ್ಟೇ ದಪ್ಪ ಅಟ್ಟೆಯ ಒಂದು ಜೊತೆ ಶೂ ಇಟ್ಟುಕೊಳ್ಳಿ. ಬೆಳಿಗ್ಗೆ ಆರಕ್ಕೇ ಟೈಲ್ಸ್ ಮೇಲೆ ಚೆಂಡು ಬಿದ್ದರೆ ಕೆಳಗಿನ ಮನೆಯವರಿಗೆ ಕಲ್ಲು ಬಿದ್ದ ಹಾಗೆ ಕೇಳುತ್ತದೆ. ಮ್ಯಾಟಿನ ತುದಿಗೂ ಪಕ್ಕಕ್ಕೂ ಮಡಚಿದ ಜಮಖಾನೆ ಹಾಸಿದರೆ ಆ ಸದ್ದು ನಿಲ್ಲುತ್ತದೆ. ಹತ್ತು ನಿಮಿಷ ಗೇಟ್, ಐದು ನಿಮಿಷ ಟೇಪ್. ಇದಕ್ಕಿಂತ ಹೆಚ್ಚು ಹೊತ್ತು ನಿಂತರೆ ಬೆನ್ನು ಬಗ್ಗಿ ತಪ್ಪು ಸ್ಟ್ರೋಕೇ ರೂಢಿಯಾಗುತ್ತದೆ.

ಈಗ ಕೊಳ್ಳುವವರು ಇದೇ ಬಗೆಯದನ್ನು 30 ಸೆಂ.ಮೀ. ಅಗಲದಲ್ಲಿ ಕೊಳ್ಳಬೇಡಿ. 50 ಸೆಂ.ಮೀ. ಇದ್ದರೆ ಮೂರು ದಾರಿ ಸಿಗುತ್ತದೆ, ಸವೆತ ಹಂಚಿಹೋಗುತ್ತದೆ. ಏರಿಲ್ಲದ ಸಪಾಟು ಮ್ಯಾಟ್ ಸಿಕ್ಕರೆ ಅದನ್ನೇ ಆರಿಸಿ.