ಅಂದ ಮೊದಲೋ, ಉದ್ದೇಶ ಮೊದಲೋ? 12 ವಾರ ಎರಡನ್ನೂ ಮಾಡಿ ನೋಡಿದೆ

ಬ್ಯಾಗ್ ತಯಾರಿಸುವ ಒಂದು ಸಣ್ಣ ಬ್ರ್ಯಾಂಡಿನ ಇನ್‌ಸ್ಟಾಗ್ರಾಂ ಪೇಜ್ ನೋಡಿಕೊಳ್ಳುತ್ತೇನೆ. ಡಿಸೈನ್ ಮಾಡುವವಳೂ ನಾನೇ, ಏನು ಹಾಕಬೇಕು ಅಂತ ತಲೆ ಕೆಡಿಸಿಕೊಳ್ಳುವವಳೂ ನಾನೇ. ಜಗಳ ಆಡೋಕೂ ಇನ್ನೊಬ್ಬರಿಲ್ಲ. ಹಾಗಾಗಿ 6 ವಾರ ಪೋಸ್ಟಿನ ಅಂದಕ್ಕೆ, 6 ವಾರ ಅದರ ಉದ್ದೇಶಕ್ಕೆ ಅಂತ ಪಾಲು ಮಾಡಿದೆ.

ಮೊದಲ ಪಾಲು ಅಂದಕ್ಕೆ. ಮೂರು ಬಣ್ಣ, ಎರಡು ಫಾಂಟ್, ಒಂಬತ್ತು ಪೋಸ್ಟ್ ಸೇರಿದರೆ ಒಂದೇ ದೊಡ್ಡ ಚಿತ್ರ ಕಾಣುವ ಗ್ರಿಡ್ (ಪ್ರೊಫೈಲಿನಲ್ಲಿ ಸಾಲಿಗೆ ಮೂರರಂತೆ ಕೂರುವ ಪೋಸ್ಟುಗಳ ಜೋಡಣೆ). ಪ್ರೊಫೈಲ್ ತೆರೆದರೆ ಕಣ್ಣಿಗೆ ಹಬ್ಬ. ಆದರೆ ಜನ ಪ್ರೊಫೈಲ್ ಎಲ್ಲಿ ತೆರೀತಾರೆ? ಫೀಡಿನಲ್ಲಿ ಅವರಿಗೆ ಸಿಗುವುದು ಒಂದೊಂದೇ ತುಂಡು. ನನ್ನ ನಾಲ್ಕನೇ ತುಂಡಿನಲ್ಲಿ ಇದ್ದದ್ದು ಬ್ಯಾಗಿನ ಅರ್ಧ ಪಟ್ಟಿ, ಉಳಿದದ್ದು ಖಾಲಿ ಹಳದಿ. ಒಬ್ಬರು ಕೇಳಿಯೇ ಬಿಟ್ಟರು, "ಫೋಟೋ ಸರಿಯಾಗಿ ಅಪ್‌ಲೋಡ್ ಆಗಿಲ್ವಾ?"

ಇನ್ನೊಂದು ಪೇಚು. ಮಧ್ಯೆ ಒಂದೇ ಒಂದು ಪೋಸ್ಟ್ ಹಾಕಿದರೂ ಚಿತ್ರವೆಲ್ಲ ಒಂದು ಮನೆ ಪಕ್ಕಕ್ಕೆ ಸರಿಯುತ್ತದೆ. ಕಪ್ಪು ಬಣ್ಣದ ಮಾಲು ಮುಗಿದಿದೆ ಅಂತ ಹೇಳಬೇಕಿತ್ತು, ಸಾಲು ತುಂಬಿಸಲು ಇನ್ನೆರಡು ಪೋಸ್ಟ್ ಸಿದ್ಧವಾಗುವ ತನಕ ಕಾದೆ. ಗ್ರಿಡ್ಡನ್ನು ನಂಬಿಕೊಂಡರೆ ಆ್ಯಪ್ ಕೂಡ ಕೈಕೊಡಬಹುದು. 2025ರ ಜನವರಿಯಲ್ಲಿ ಪ್ರೊಫೈಲ್ ಗ್ರಿಡ್ ಚೌಕದಿಂದ ಉದ್ದನೆಯ 3:4 ಆಕಾರಕ್ಕೆ ಬದಲಾದಾಗ, ಚೌಕದ ಲೆಕ್ಕದಲ್ಲಿ ಜೋಡಿಸಿದ್ದವರ ಚಿತ್ರಗಳೆಲ್ಲ ಎಡವಟ್ಟಾದವು.

ಎರಡನೇ ಪಾಲಿನಲ್ಲಿ ಡಿಸೈನ್ ಫೈಲ್ ಮುಟ್ಟುವ ಮೊದಲು ಒಂದು ಸಾಲು ಬರೆಯುತ್ತಿದ್ದೆ: ಇದು ಯಾರಿಗೆ, ನೋಡಿದ ಮೇಲೆ ಅವರು ಏನು ಮಾಡಬೇಕು. ವಿಷಯವೆಲ್ಲ ಇನ್‌ಬಾಕ್ಸಿನ ಪ್ರಶ್ನೆಗಳಿಂದಲೇ. ಶೇರ್ ಆಗುವುದು ಜಾಸ್ತಿಯಾಯಿತು. ಹೊಸಬರನ್ನು ತಲುಪೋಕೆ ಲೈಕ್‌ಗಿಂತ ಶೇರ್ ಮುಖ್ಯ ಅಂತ ಇನ್‌ಸ್ಟಾಗ್ರಾಂ ಮುಖ್ಯಸ್ಥ ಆ್ಯಡಂ ಮೊಸ್ಸೆರಿ ಕೂಡ ಹೇಳಿದ್ದಾರೆ. ಈ ವಾರಗಳಲ್ಲಿ ಹೊಸ ಮಾಲೂ ಬಂದಿತ್ತು, ಹಾಗಾಗಿ ಪೂರ್ತಿ ಶ್ರೇಯ ಈ ಒಂದು ಸಾಲಿಗೇ ಕೊಡಲಾರೆ.

ಆದರೆ ನೋಡೋಕೆ? ಅಯ್ಯೋ. ಸ್ಲೈಡಿಗೆ ಎಂಟೆಂಟು ಸಾಲು, ತಿಳಿ ಕೆನೆ ಬಣ್ಣದ ಮೇಲೆ ಮಾಸಲು ಬೂದು ಅಕ್ಷರ. ಬಿಸಿಲಲ್ಲಿ ಫೋನ್ ಹಿಡಿದರೆ ನನಗೇ ಓದಲಾಗಲಿಲ್ಲ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್ (ತಿಳಿ-ಗಾಢದ ವ್ಯತ್ಯಾಸ) ಇರಬೇಕು ಅಂತ ವೆಬ್ ಮಾನದಂಡ ಹೇಳುತ್ತದೆ. ನನ್ನದು ಅದರ ಅರ್ಧವೂ ಇರಲಿಲ್ಲ.

ಎರಡೂ ಪಾಲು ಒಂದೇ ಕಡೆ ಸೇರಿದ್ದು, ಬೆರಳಿನಿಂದ ಸರಿಸುತ್ತ ಒಂದೊಂದೇ ಸ್ಲೈಡ್ ನೋಡುವ ಒಂದು ಕ್ಯಾರಸೆಲ್‌ನಲ್ಲಿ. ಮೊದಲ ಸಲ ಅದರ ತಲೆಬರಹ "ಬ್ಯಾಗ್ ಅಳತೆ: ಸಂಪೂರ್ಣ ಮಾಹಿತಿ" ಅಂತಿತ್ತು. ಕಚೇರಿ ಸುತ್ತೋಲೆಯ ಹಾಗೆ. ಯಾರೂ ನಿಲ್ಲಲಿಲ್ಲ. ಮತ್ತೆ ಮಾಡುವಾಗ ಬರೆದುಕೊಂಡ ಸಾಲು: "ಲ್ಯಾಪ್‌ಟಾಪ್ ಇರುವವರು ಕೊಳ್ಳುವ ಮೊದಲು ಅಳತೆ ನೋಡಬೇಕು." ಆಮೇಲೆ 1080x1350 ಪಿಕ್ಸೆಲ್ ಅಳತೆಯಲ್ಲಿ ಒಂದೇ ಫೋಟೋ: 15.6 ಇಂಚಿನ ಲ್ಯಾಪ್‌ಟಾಪ್ ನಮ್ಮ ಚಿಕ್ಕ ಬ್ಯಾಗಿನ ಬಾಯಲ್ಲಿ ಅರ್ಧಕ್ಕೇ ಸಿಕ್ಕಿಕೊಂಡಿದೆ, ಜಿಪ್ ಎರಡೂ ಕಡೆ ಬಾಯಿಬಿಟ್ಟಿದೆ. ಮೇಲೆ ದಪ್ಪ ಕಪ್ಪು ಅಕ್ಷರದಲ್ಲಿ ಗ್ರಾಹಕರದ್ದೇ ಮಾತು: "ಇದು ಹಿಡಿಯುತ್ತಾ?" ಎರಡನೇ ಸ್ಲೈಡಿನಲ್ಲಿ "ಇಲ್ಲ." ಮೂರನೆಯದರಲ್ಲಿ ಕಾರಣ: 15.6 ಅನ್ನುವುದು ಪರದೆಯ ಮೂಲೆಯಿಂದ ಮೂಲೆಗಿರುವ ಅಳತೆ, ಲ್ಯಾಪ್‌ಟಾಪಿನ ಅಗಲ ಅಲ್ಲ. ಟೇಪ್ ಹಿಡಿದು ಅಗಲ ಅಳೆಯಿರಿ.

ಮಾಹಿತಿ ಹಳೆಯದೇ, ಒಂದಕ್ಷರ ಹೊಸದಿಲ್ಲ. ಆ ವಾರ ಇನ್‌ಬಾಕ್ಸಿಗೆ ಜನ ತಮ್ಮ ಲ್ಯಾಪ್‌ಟಾಪಿನ ಅಗಲ ಬರೆದು ಕಳಿಸತೊಡಗಿದರು.

ಒಂದನ್ನೇ ಆರಿಸಿ ಅಂದರೆ ನಾನು ಉದ್ದೇಶದ ಕಡೆಯೇ. ಆ ಸಾಲು ಇಲ್ಲದಿದ್ದರೆ ಯಾವ ಫೋಟೋ ತೆಗೆಯಬೇಕು ಅಂತಲೇ ಗೊತ್ತಾಗುತ್ತಿರಲಿಲ್ಲ. ಈಗ ಸಾಲು ಬರೆಯೋಕೆ ಹತ್ತು ನಿಮಿಷ, ಮೊದಲ ಸ್ಲೈಡಿಗೆ ಅರ್ಧ ದಿನ, ಉಳಿದ ಸ್ಲೈಡಿಗೆಲ್ಲ ಸಿದ್ಧ ಟೆಂಪ್ಲೇಟ್. ಬಣ್ಣ, ಫಾಂಟ್ ಮೊದಲ ಪಾಲಿನವೇ ಇವೆ, ಒಂಬತ್ತರ ಚಿತ್ರ ಮಾತ್ರ ಕೈಬಿಟ್ಟೆ.

ಮಾಲೀಕರು ಈಗಲೂ ಪ್ರೊಫೈಲ್ ತೆರೆದು, "ಆ ದೊಡ್ಡ ಚಿತ್ರ ಚೆನ್ನಾಗಿತ್ತು ಅಲ್ವಾ?" ಅಂತಾರೆ. ಚೆನ್ನಾಗಿಯೇ ಇತ್ತು. ಪ್ರಿಂಟ್ ಹಾಕಿಸಿ ಅವರ ಮೇಜಿನ ಹಿಂದಿನ ಗೋಡೆಗೆ ಅಂಟಿಸಿದ್ದೇನೆ.